ಪುಟ್ಟಲಕ್ಷ್ಮಮ್ಮನ ಟವಲ್ಲು

ಕೃಷ್ಣರಾಜಪೇಟೆಯ ಬಸ್ ಸ್ಟ್ಯಾಂಡಿನ ಎದುರು, ಚೌಡಯ್ಯನ ಜೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದವಳು ಪುಟ್ಟಲಕ್ಷ್ಮಮ್ಮ. ತೌರು ಪಾಲಹಳ್ಳಿ. ತಾಲ್ಲೂಕು ಕಚೇರಿ, ಕೋರ್ಟು, ಸೊಸೈಟಿಗಳಲ್ಲಿ ಕೂತು ಟಕಟಕ ಹೊಡೆಯುವವರಲ್ಲಿ ಅರ್ಧಕ್ಕರ್ಧ ಜನರ ಬೆರಳು ತಿದ್ದಿದವಳು ಅವಳೇ. ಅವಳ ಹತ್ತಿರ ಒಂದು ಹಳೇ ಟವಲ್ಲಿತ್ತು. ಹೊಸದಾಗಿ ಸೇರಿದ ಹುಡುಗಿ ಕೀಗಳನ್ನು ಕದ್ದು ನೋಡಿದಳೋ, ಟವಲ್ಲು ಬಂದು ಕೀ ಕಾಣದ ಹಾಗೆ ಅವಳ ಕೈಮೇಲೆ ಬೀಳುತ್ತಿತ್ತು. ಅಳಲಿ, ಮುನಿಸಿಕೊಳ್ಳಲಿ, ಕಣ್ಣು ಪುಸ್ತಕದ ಮೇಲೇ ಇರಬೇಕು. ಮೂತಿ ತಿರುವಿದವರೂ ಆಮೇಲೆ ಕೆಲಸ ಸಿಕ್ಕಾಗ ಪೇಡ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದರು.

ತೊಂಬತ್ತೊಂಬತ್ತನೇ ಇಸವಿಯ ಹೊತ್ತಿಗೆ ಆ ಮೆಟ್ಟಿಲು ಹತ್ತುವವರು ಕಡಿಮೆಯಾದರು. ಎಲ್ಲರ ಬಾಯಲ್ಲೂ ಕಂಪ್ಯೂಟರ್. ಚೌಡಯ್ಯನೂ ಮೈಸೂರಿಂದ ಒಂದು ತಂದು ಮೇಜಿನ ಮೇಲಿಟ್ಟ. ಒಳಗೆ ಏನೂ ಇರಲಿಲ್ಲ, ಖಾಲಿ ಡಬ್ಬ. ತುಂಬುವುದಕ್ಕೆಂದು, ಯಾವುದೋ ಇಂಗ್ಲಿಷ್ ಮಾಸಪತ್ರಿಕೆಯ ಜೊತೆ ಪುಕ್ಕಟೆ ಬಂದಿದ್ದ, ಕಂಪ್ಯೂಟರ್ ಓಡಿಸುವ ಲಿನಕ್ಸ್ ತಂತ್ರಾಂಶದ ಸೀಡಿಯನ್ನೂ ಒಂದು ತೆಳ್ಳನೆ ಪುಸ್ತಕವನ್ನೂ ಅವಳ ಕೈಗಿತ್ತ.

"ನೋಡು ಲಕ್ಷ್ಮಮ್ಮ, ಸ್ವಾಮಾರದೊಳಗೆ ಇದು ಓಡ್ಬೇಕು. ಇಲ್ದಿದ್ರೆ ಮಂಡ್ಯದೋನೊಬ್ಬ ಅವ್ನೆ, ಅವನ್ದೇ ಕಂಪ್ಯೂಟ್ರು ತಂದು ಕ್ಲಾಸ್ ನಡುಸ್ತೀನಿ ಅಂತಾನೆ. ಮಾಳಿಗೆ ಅವನ್ಗೆ ಬುಟ್ಬುಡ್ತೀನಿ."

"ಆಗ ನಾನು?"

ಚೌಡಯ್ಯ ಆಗಲೇ ಮೆಟ್ಟಿಲಿಳಿಯುತ್ತಿದ್ದ. ಈ ಮಾಳಿಗೆ ಬಿಟ್ಟರೆ ಪುಟ್ಟಲಕ್ಷ್ಮಮ್ಮನಿಗೆ ಬೇರೆ ಬದುಕು ಗೊತ್ತಿರಲಿಲ್ಲ.

ಶುಕ್ರವಾರ ಸಂಜೆ ಹುಡುಗಿಯರು ಹೋದ ಮೇಲೆ ಸೀಡಿ ಹಾಕಿದಳು. ಶುರುವಾಯಿತು ಪ್ರಶ್ನೆಯ ಮೇಲೆ ಪ್ರಶ್ನೆ. ಹೆಣ್ಣು ನೋಡಲು ಬಂದವರೂ ಅಷ್ಟು ಕೇಳುವುದಿಲ್ಲ. ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಗಬಹುದೇ? ಏನಿದೆಯೆಂದೇ ಗೊತ್ತಿಲ್ಲದ್ದನ್ನು ಅಳಿಸು ಅನ್ನುವುದು ಹೇಗೆ? ಊರು ಯಾವುದು? ಪಟ್ಟಿಯಲ್ಲಿ ಮಂಡ್ಯವೂ ಇಲ್ಲ, ಮೈಸೂರೂ ಇಲ್ಲ. ಹುಡುಕಿ ಹುಡುಕಿ ಕಲ್ಕತ್ತ ಸಿಕ್ಕಿತು. ಕೇಆರ್ ಪೇಟೆಯಲ್ಲಿ ಕೂತು ಕಲ್ಕತ್ತ ಎಂದು ಸುಳ್ಳು ಹೇಳಿದರೆ ಮುಂದೆ ಏನು ಕಾದಿದೆಯೋ? ಪುಸ್ತಕ ತೆಗೆದರೆ, ನಿಮಗೆ ಸೂಕ್ತವಾದುದನ್ನು ಆರಿಸಿಕೊಳ್ಳಿ ಎಂದಿತ್ತು. ಯಾವುದು ಸೂಕ್ತವೆಂದು ಗೊತ್ತಿದ್ದರೆ ನಿನ್ನನ್ನು ಯಾಕೆ ಮುಟ್ಟುತ್ತಿದ್ದೆ ಎಂದು ಬೈದುಕೊಂಡಳು.

ಕೊನೆಗೆ ಪಾಸ್‌ವರ್ಡ್ ಕೇಳಿತು, ಅದನ್ನೂ ಎರಡೆರಡು ಸಲ ಹೊಡೆಯಬೇಕಂತೆ. ತೌರೂರ ಹೆಸರೇ ಇರಲಿ ಎಂದು ಇಂಗ್ಲಿಷಿನಲ್ಲಿ ಪಾಲಹಳ್ಳಿ ಎಂದು ಹೊಡೆದಳು. ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ. ಮತ್ತೆ ಹೊಡೆದಳು, ಇಲ್ಲ. ರಿಬ್ಬನ್ ಒಣಗಿದ ಟೈಪ್‌ರೈಟರನ್ನು ಕುಟ್ಟುವ ಹಾಗೆ ಕುಟ್ಟಿದಳು. ಎರಡು ಸಲ ಹೊಡೆದದ್ದು ಒಂದೇ ಅಲ್ಲ ಎಂದು ಯಂತ್ರ ತಕರಾರು ತೆಗೆಯಿತು. ಮೂಡದೇ ಇದ್ದದ್ದು ಒಂದೇ ಆಗುವುದು ಹೇಗೆ? ಕೀಬೋರ್ಡು ಕೆಟ್ಟಿತ್ತೋ, ತಾನೇ ಕೆಡಿಸಿದೆನೋ? ಒಂದು ಕೀ ಒತ್ತಿ ಪರದೆ ನೋಡುವುದು, ಒತ್ತಿದ್ದು ಯಾವುದೆಂದು ಮರೆತು ಮತ್ತೆ ಒತ್ತುವುದು, ಇದೇ ಆಯಿತು. ತಲೆ ಕೆಟ್ಟು, ಸ್ವಿಚ್ ಆರಿಸಿ ಮನೆಗೆ ಹೋದಳು.

ಮಾರನೇ ಬೆಳಿಗ್ಗೆ, ಆ ವಾರವಷ್ಟೇ ಸೇರಿದ್ದ ರಂಜಿತ ಟವಲ್ಲಿನಡಿ ಕೈಯಿಟ್ಟುಕೊಂಡು ಗೋಳಾಡುತ್ತಿದ್ದಳು.

"ಮೇಡಮ್, ಏನ್ ಒಡೀತಾ ಇವ್ನಿ ಅಂತ ನಂಗೇ ಗೊತ್ತಾಯ್ತಿಲ್ಲ. ಒಂದೇ ಒಂದ್ಸಲ ನೋಡ್ಕತೀನಿ."

"ನಿಂಗೆ ಗೊತ್ತಾಗೋದ್ ಬ್ಯಾಡ ಕಣವ್ವ. ಬೆರಳಿಗೆ ಗೊತ್ತು. ನೀನು ಒಡಿ."

ವರ್ಷಗಟ್ಟಲೆ ಹೇಳಿಕೊಂಡು ಬಂದ ಮಾತು, ಬಾಯಿಂದ ತಾನಾಗಿ ಉದುರಿತ್ತು. ಅದು ತನ್ನ ಕಿವಿಗೇ ಬಿದ್ದದ್ದು ಮಾತ್ರ ಅವತ್ತೇ. ಕಂಪ್ಯೂಟರ್ ಕಡೆ ತಿರುಗಿ ನೋಡಿದಳು. ಹಾಳಾದ್ದು ತನಗೇ ಟವಲ್ಲು ಹಾಕಿದೆಯೇ? ಇರಲಾರದು ಅನ್ನಿಸಿತು. ಆದರೂ, ಪಾಸ್‌ವರ್ಡು ಅಂದರೆ ಗುಟ್ಟು. ಪಕ್ಕದಲ್ಲಿ ನಿಂತವರಿಗೆ ಕಾಣುವ ಹಾಗೆ ಗುಟ್ಟನ್ನು ಯಾರು ತೋರಿಸುತ್ತಾರೆ?

ಮೊದಲಿಂದ ಶುರುಮಾಡಿದಳು. ಆ ಜಾಗ ಬಂದಾಗ ಕಣ್ಣು ಮುಚ್ಚಿಕೊಂಡಳು. ಪಾಲಹಳ್ಳಿ. ಇನ್ನೊಮ್ಮೆ ಪಾಲಹಳ್ಳಿ. ಕಣ್ಣು ಬಿಟ್ಟರೆ ಯಂತ್ರ ತಕರಾರಿಲ್ಲದೆ ಮುಂದಕ್ಕೆ ಹೊರಟಿತ್ತು. ಸಂತೋಷಕ್ಕಿಂತ ಮೊದಲು ನಾಚಿಕೆಯಾಯಿತು. ಊರಿಗೆಲ್ಲ ಬೆರಳು ನಂಬಿ ಅಂದವಳು ತನ್ನ ಬೆರಳನ್ನೇ ನಂಬಿರಲಿಲ್ಲ. ಆಮೇಲೆ ಆ ಪುಸ್ತಕ ಬರೆದವನ ಮೇಲೆ ಸಿಟ್ಟು ಬಂತು. ಅಕ್ಷರ ಕಾಣುವುದಿಲ್ಲ ಅಂತ ಒಂದು ಸಾಲು ಬರೆದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ತನಗೆ ಗೊತ್ತಿರುವುದೆಲ್ಲ ಲೋಕಕ್ಕೂ ಗೊತ್ತು ಅಂದುಕೊಂಡ ಮಹಾನುಭಾವ!

ಅವಳೇ ಬರೆದಳು. ಕನ್ನಡ ಟೈಪ್‌ರೈಟರಿಗೆ ಹಾಳೆ ಏರಿಸಿ, ಒಂದೊಂದು ಪ್ರಶ್ನೆಗೂ ಒಂದೊಂದು ಸಾಲು. 'ಕಲ್ಕತ್ತ ಎಂದು ಒತ್ತಿ. ಗಡಿಯಾರದ ಸಲುವಾಗಿ ಅಷ್ಟೆ, ನಿಮ್ಮನ್ನು ಅಲ್ಲಿಗೆ ಕಳಿಸುವುದಿಲ್ಲ.' 'ಇದೇನೆಂದು ನನಗೂ ತಿಳಿಯಲಿಲ್ಲ. ಸುಮ್ಮನೆ ಎಂಟರ್ ಒತ್ತಿ, ನನಗೇನೂ ಆಗಲಿಲ್ಲ.' 'ಇಲ್ಲಿ ಅಕ್ಷರ ಕಾಣುವುದಿಲ್ಲ. ಏನೂ ಕೆಟ್ಟಿಲ್ಲ. ಹೆದರದೆ ಹೊಡೆಯಿರಿ.' ಹಾಳೆಯನ್ನು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿದಳು.

ಸೋಮವಾರ ಚೌಡಯ್ಯ ಬಂದು, ತಾನೇ ನೋಡಬೇಕೆಂದು ಕುರ್ಚಿ ಎಳೆದುಕೊಂಡು ಕೂತ. ಒಳಕ್ಕೆ ಬಿಡಲು ಯಂತ್ರ ಕೇಳುವ ಪಾಸ್‌ವರ್ಡನ್ನು ಅವಳು ಹೇಳಿಕೊಟ್ಟಳು. ಒಂದೇ ಬೆರಳಲ್ಲಿ ಒತ್ತತೊಡಗಿದವನು ಕೈ ಹಿಂದಕ್ಕೆಳೆದುಕೊಂಡ.

"ಏನಮ್ಮ ಇದು, ಒಂದಕ್ಸರಾನೂ ಬತ್ತಾ ಇಲ್ಲ! ಕೆಟ್ಟೋಗದೆ. ನಂಗ್ ಮೊದ್ಲೇ ಗೊತ್ತಿತ್ತು, ನಿನ್ ಕೈಲಿ ಆಗಾಕಿಲ್ಲ ಅಂತ."

ಗೋಡೆಯ ಹಾಳೆ ತೋರಿಸಿದಳು. ಓದಿದ, ನಂಬಲಿಲ್ಲ. ಕಣ್ಣು ಕೀಗೂ ಪರದೆಗೂ ಓಡಾಡಿ ಇನ್ನೊಮ್ಮೆ ತಪ್ಪಿತು. ಎದ್ದೇ ಬಿಡುತ್ತಿದ್ದ. ಅಷ್ಟರಲ್ಲಿ ಪುಟ್ಟಲಕ್ಷ್ಮಮ್ಮ ರಂಜಿತಳ ಕೈಮೇಲಿನ ಟವಲ್ಲು ಎಳೆದು ತಂದು ಪರದೆಗೆ ಹೊದಿಸಿಬಿಟ್ಟಳು.

"ಕೂತ್ಕಳಿ ಅಣ್ಣ. ಅದ್ರ ಮಖ ನೋಡ್ಬ್ಯಾಡಿ. ಈಗ ಒಡೀರಿ."

ಹುಡುಗಿಯರ ಟಕಟಕ ನಿಂತಿತು. ಚೌಡಯ್ಯ ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಒತ್ತಿ, ಎಂಟರ್ ಹೊಡೆದು, ಕೈಯೆರಡನ್ನೂ ತೊಡೆಯ ಮೇಲಿಟ್ಟುಕೊಂಡ. ಪುಟ್ಟಲಕ್ಷ್ಮಮ್ಮ ಟವಲ್ಲಿನ ಅಂಚೆತ್ತಿ ಇಣುಕಿದಳು. ಯಂತ್ರ ಒಳಕ್ಕೆ ಬಿಟ್ಟಿತ್ತು. ಅಂಚನ್ನು ಮತ್ತೆ ಇಳಿಬಿಟ್ಟಳು. ಮಾಳಿಗೆ ತನ್ನದೇ ಅನ್ನುವುದನ್ನು ಮರೆತವನ ಹಾಗೆ ಚೌಡಯ್ಯ ತಲೆಯೆತ್ತಿ ಅವಳ ಮುಖ ನೋಡಿದ.

"ಟವಲ್ ತಗೀಲಾ, ಮೇಡಮ್?"