ಒಡೆಯ ಓಬ್ರಿ ಮತ್ತು ನಡುವಿನ ಕೆರೆ

ನಮ್ಮ ಒಡೆಯ ಓಬ್ರಿಯವರಿಗೆ ಇದ್ದದ್ದು ಒಂದು ಕಲ್ಲಿನ ಗೋಪುರ, ಎರಡು ಹಳ್ಳಿ, ಒಂದೇ ಕುದುರೆ ಮತ್ತು ನಾಲ್ವರು ಹೆಣ್ಣುಮಕ್ಕಳು. ರಾಜನ ಆಸ್ಥಾನದಲ್ಲಿ ಅವರ ಹೆಸರು ಕೇಳಿದವರೇ ಇರಲಿಲ್ಲ. ನಾನು ಮೂವತ್ತು ವರ್ಷ ಅವರ ಅಡುಗೆಮನೆಯಲ್ಲಿ ದುಡಿದವಳು. ಅವರು ಒಲೆಯ ಪಕ್ಕದಲ್ಲೇ ಕೂತು ಸಾರಿನಲ್ಲಿ ರೊಟ್ಟಿ ಅದ್ದಿ ತಿನ್ನುತ್ತಿದ್ದರು. ಯಜಮಾನಿ ಎಮೆಲಿನ್ ಅಮ್ಮನವರು, "ಒಡೆಯರಾದವ್ರು ಮೇಲೆ ಕೂತು ಉಣ್ಬೇಕು" ಅಂದರೆ, "ಮೇಲೆ ಚಳಿ ಕಣೇ" ಅನ್ನುತ್ತಿದ್ದರು.

ಅವರಿಗಿದ್ದ ಒಂದೇ ಕಿರಿಕಿರಿ ನೆರೆಯ ಒಡೆಯ ಫೂಲ್ಕ್. ಇಬ್ಬರ ಜಮೀನಿನ ನಡುವಿನ ಕೆರೆ ಯಾರದೆಂದು ಅಪ್ಪಂದಿರ ಕಾಲದಿಂದ ಜಗಳ. ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಮಾಂಸ ಮುಟ್ಟುವಂತಿಲ್ಲ, ಮೀನೇ ಗತಿ. ಹಾಗಾಗಿ ಪ್ರತಿವರ್ಷ ಆ ಹೊತ್ತಿಗೆ ಎರಡೂ ಕಡೆಯವರು ದೊಣ್ಣೆ ಹಿಡಿದು ಕೆರೆ ಏರಿಯ ಮೇಲೆ ನಿಲ್ಲುತ್ತಿದ್ದರು.

ಹಿರಿಯ ಮಗಳು ಓದಿಯೆರ್ನ್‌ಗೆ ಹದಿನೇಳು ತುಂಬಿದ ವರ್ಷ, ಒಡೆಯರು ಕಬ್ಬಿಣದ ಸಣ್ಣ ಬಳೆಗಳನ್ನು ಹೆಣೆದ ಯುದ್ಧದ ಅಂಗಿ ತೊಟ್ಟು ತಾವೇ ಕೆರೆಗೆ ಹೊರಟರು. ಏರಿಯ ಮೇಲೆ ಕುದುರೆ ಜಾರಿತು. ಒಡೆಯರು ಕೆರೆಗೆ ಬಿದ್ದು ಎದೆಮಟ್ಟ ಕೆಸರಿನಲ್ಲಿ ಹೂತುಹೋದರು. ನಮ್ಮವರು ಹಗ್ಗ ತರಲು ಓಡಿದರು. ಅಷ್ಟರಲ್ಲಿ ಎದುರು ದಡದಿಂದ ಫೂಲ್ಕ್ ನೀರಿಗಿಳಿದ.

"ಕೈ ಕೊಡೋ."

"ಕೆರೆ ನಂದು" ಅಂದರಂತೆ ನಮ್ಮ ಒಡೆಯರು, ಮುಳುಗುತ್ತಲೇ.

"ಆಯ್ತು ಮಾರಾಯ, ನಿಂದೇ. ಮೊದ್ಲು ಅದ್ರಿಂದ ಆಚೆ ಬಾ."

ಇಬ್ಬರೂ ನಡುಗುತ್ತ ಅಡುಗೆಮನೆಗೆ ಬಂದರು. ಅಮ್ಮನವರು ಸೊಂಟಕ್ಕೆ ಕೈಯಿಟ್ಟು ನಿಂತರು. "ಇಷ್ಟು ವರ್ಷದ ಜಗಳಾನ ನನ್ನ ನೆಲದ ಮೇಲೆ ತಂದು ಸುರಿದ್ರಾ? ಒದ್ದೆ ಬಟ್ಟೆ ಬಿಚ್ಚಿ, ಒಲೆ ಹತ್ರ ಕೂತ್ಕೊಳ್ಳಿ."

ನಾನು ಬಿಸಿ ದ್ರಾಕ್ಷಾರಸ ಕೊಟ್ಟು, ಹಾವುಮೀನು ತುಂಬಿದ ಕಡುಬು ಬಡಿಸಿದೆ. ಫೂಲ್ಕ್ ಎರಡನೆಯದನ್ನು ಕೇಳಿ, "ಮೀನು ಯಾವ ಕೆರೇದಮ್ಮ?" ಎಂದ. ನಾನು ಅಮ್ಮನವರ ಮುಖ ನೋಡಿದೆ.

"ಯಾವುದಾದ್ರೇನು, ತಿನ್ನಿ" ಅಂದರು ಅವರು. ಮೊದಲು ನಕ್ಕವಳು ಓದಿಯೆರ್ನ್. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ.

ಮುಂದಿನ ವರ್ಷದಿಂದ ಎರಡೂ ಊರಿನವರು ಒಟ್ಟಿಗೆ ತೂಬು ತೆಗೆದು ಮೀನು ಹಂಚಿಕೊಂಡರು. ಓದಿಯೆರ್ನ್ ಫೂಲ್ಕ್‌ನ ಮಗನ ಕೈ ಹಿಡಿಯುತ್ತಾಳೆಂದು ಊರೆಲ್ಲ ಅಂದುಕೊಂಡಿತ್ತು. "ಅವ್ನು ಬಾಯೇ ಬಿಡಲ್ಲ" ಎಂದು ಅವಳು ಒಪ್ಪಲಿಲ್ಲ. ಮೂರನೆಯವಳು ಮಾತಿನಮಲ್ಲಿ, "ನಂಗೆ ಅಂಥವ್ನೇ ಬೇಕು" ಅಂದಳು. ಅವರಿಬ್ಬರು ಚೆನ್ನಾಗಿಯೇ ಬಾಳಿದರು.

ಆ ದಿನ ಬಿದ್ದದ್ದರಿಂದ ಒಡೆಯರ ಒಂದು ಕಾಲು ಕುಂಟಾಯಿತು. ಯುದ್ಧಕ್ಕೆ ಕರೆ ಬಂದಾಗಲೆಲ್ಲ ಅದನ್ನೇ ತೋರಿಸಿ ಮನೆಯಲ್ಲಿ ಉಳಿದರು. ಏಳು ಮೊಮ್ಮಕ್ಕಳನ್ನು ಕಂಡರು. ಎಪ್ಪತ್ತರ ಹತ್ತಿರ, ಸೇಬು ಕೊಯ್ಯುವ ವಾರದಲ್ಲಿ, ಮಕ್ಕಳೆಲ್ಲ ಸುತ್ತ ಇದ್ದಾಗ ಕಣ್ಣು ಮುಚ್ಚಿದರು. ಶವಕ್ಕೆ ಮುಂದಿನ ಹೆಗಲು ಕೊಟ್ಟವನು ಫೂಲ್ಕ್. ಅವನಿಗೂ ವಯಸ್ಸಾಗಿತ್ತು, ಬೇರೆಯವರಿಗೆ ಬಿಡಿ ಎಂದು ದಾರಿಯಲ್ಲಿ ಎಷ್ಟು ಹೇಳಿದರೂ ಬಿಡಲಿಲ್ಲ.