ಬಲಗಡೆ ಸಾಲಿನ ಮರ

ಅವನನ್ನ ಬೀದೀಲಿ ಎಲ್ಲರೂ ಟ್ಯಾಂಕರಣ್ಣ ಅಂತಲೇ ಕರೀತಾರೆ. ಪುರಸಭೆ ನೀರಿನ ಟ್ಯಾಂಕರ್ ಓಡಿಸೋದು ಅವನ ಕೆಲಸ. ಮಾತು ಕಮ್ಮಿ. "ನಮ್ಮನೆಯವರಿಗಿಂತ ಅವರ ಹಾರ್ನೇ ಜಾಸ್ತಿ ಮಾತಾಡುತ್ತೆ" ಅಂತ ಹೆಂಡತಿ ಗೇಲಿ ಮಾಡ್ತಾಳೆ.

ಹೆಂಡತಿ ಬಟ್ಟೆ ಹೊಲೀತಾಳೆ. ಮನೆಯೊಳಗೆ ಸೂಜಿಗೆ ದಾರ ಪೋಣಿಸೋಷ್ಟೂ ಬೆಳಕಿಲ್ಲ. ಅದಕ್ಕೆ ಮಿಷಿನ್ನು ಬಾಗಿಲ ಹೊರಗೆ, ರಸ್ತೆ ಅಂಚಿಗೆ. ಅಲ್ಲಿ ಬಿಸಿಲು ಬೆನ್ನು ಸುಡುತ್ತೆ. ಮದುವೆಯಾದ ಹೊಸದರಲ್ಲಿ ಅವನು ಒಂದೇ ಒಂದು ಮಾತು ಕೊಟ್ಟಿದ್ದ: "ನಿಂಗೊಂದು ನೆರಳು ಮಾಡ್ಕೊಡ್ತೀನಿ ಕಣೇ." ಅವಳು ಮರೀಲಿಲ್ಲ. ಅವನೂ ಮರೀಲಿಲ್ಲ.

ಆ ರಸ್ತೆ ಎಡಗಡೆ ಪುರಸಭೆಯ ಮೀಸೆ ಮೆಂಬರ ವಾರ್ಡು, ಇವರ ಮನೆಯಿರೋ ಬಲಗಡೆ ಕನ್ನಡಕದ ಮೆಂಬರ ವಾರ್ಡು. ಇಬ್ಬರಿಗೂ ಹಾವು ಮುಂಗುಸಿ ಸಂಬಂಧ. ವರ್ಷವರ್ಷವೂ ಇಬ್ಬರೂ ಸಸಿ ನೆಡ್ತಿದ್ರು. ಆವತ್ತು ಫೋಟೋ, ಚಪ್ಪಾಳೆ, ಒಂದು ಟ್ಯಾಂಕರ್ ನೀರು. ಮಾರನೇ ದಿನದಿಂದ ಹೇಳೋರಿಲ್ಲ ಕೇಳೋರಿಲ್ಲ. ಸಸಿ ಒಣಗಿ ಕಡ್ಡಿಯಾಗೋದು. ಮುಂದಿನ ವರ್ಷ ಅದೇ ಗುಂಡಿಗೆ ಹೊಸ ಸಸಿ, ಹೊಸ ಫೋಟೋ.

ಒಂದು ವರ್ಷ ಟ್ಯಾಂಕರಣ್ಣ ಕೆಲಸ ಮುಗಿಸಿ ಬರುವಾಗ ಟ್ಯಾಂಕಿನ ತಳದಲ್ಲಿ ಉಳಿದ ನೀರನ್ನ ಸಸಿಗಳಿಗೆ ಬಿಡೋಕೆ ಶುರು ಮಾಡಿದ. ಆದರೆ ಗಾಡಿಯ ಬಲಗಡೆ ವಾಲ್ವ್ ತುಕ್ಕು ಹಿಡಿದು ಕೂತಿತ್ತು. ನೀರು ಎಡಗಡೆಗೆ ಮಾತ್ರ. ಮೀಸೆಯವರ ಸಾಲು ಹಸಿರಾಯ್ತು. ಅವಳ ಮಿಷಿನ್ನಿನ ಪಕ್ಕದ ಸಸಿ ಸೊರಗಿತು.

"ಕಟ್ಕೊಂಡ ಹೆಂಡ್ತಿ ಈ ಕಡೆ ಕೂತಿದೀನಿ, ನೀರು ಆ ಕಡೆಗೆ!" ಅಂದಳು ಅವಳು.

"ವಾಲ್ವ್" ಅಂದ ಅವನು.

ಇದು ಕನ್ನಡಕದ ಮೆಂಬರ ಕಣ್ಣಿಗೂ ಬಿತ್ತು. ಕೆಂಡವಾಗಿ ಬಂದರು. "ಏನಯ್ಯಾ, ಅವನ ಕಡೆ ಸೇರ್ಕೊಂಡ್ಯಾ?"

"ವಾಲ್ವ್ ಕೆಟ್ಟಿದೆ ಸಾರ್. ಎಷ್ಟು ಸಲ ಹೇಳಿದ್ರೂ ಆಫೀಸಲ್ಲಿ ಯಾರೂ ಕೇಳ್ತಿಲ್ಲ."

ಮಾರನೇ ದಿನವೇ ಹೊಸ ವಾಲ್ವ್ ಬಂತು! ಜೊತೆಗೆ ಬಲಗಡೆ ಸಾಲಿಗೆ ವಾರಕ್ಕೊಂದು ಟ್ಯಾಂಕರ್ ನೀರು ಅಂತ ಆರ್ಡರು. ಸುದ್ದಿ ಕೇಳಿ ಮೀಸೆಯವರೂ ಓಡಿ ಹೋಗಿ ತಮ್ಮ ಸಾಲಿಗೆ ಅಂಥದ್ದೇ ಆರ್ಡರು ತಂದರು.

ಅಲ್ಲಿಂದ ಟ್ಯಾಂಕರಣ್ಣನಿಗೆ ಹಾದಿ ಸಿಕ್ಕಿತು. ಇಬ್ಬರು ಮೆಂಬರಲ್ಲಿ ಯಾರಾದರೂ ನೀರು ಕೊಡಿಸೋಕೆ ತಡ ಮಾಡಿದರೆ ಅವರ ಎದುರಿಗೆ ನಿಂತು ತಲೆ ಕೆರ್ಕೊಂಡು ಒಂದೇ ಮಾತು ಹೇಳೋನು: "ಎದುರು ಸಾಲು ಚೆನ್ನಾಗಿದೆ ಸಾರ್." ಅಷ್ಟು ಸಾಕಿತ್ತು. ಗಿಡಗಳು ಮರವಾದವು. ಅವಳ ಮಿಷಿನ್ನಿಗೆ ನೆರಳು ಬಿತ್ತು. ಮೊದಲ ದಿನ ಅವಳು ಹೊಲಿಯೋದು ಬಿಟ್ಟು ಸುಮ್ಮನೆ ಕೂತು ನಗ್ತಿದ್ದಳು.

ಆಮೇಲೆ ಚುನಾವಣೆ ಬಂತು. ಕನ್ನಡಕದವರು ಸೋತರು. ಮೀಸೆಯವರು ಗೆದ್ದು ಅಧ್ಯಕ್ಷರೇ ಆದರು. ಬಂದವರೇ ಹುಕುಂ ಮಾಡಿದರು: ಬಲಗಡೆ ಸಾಲು ಕಿತ್ತು ಹಾಕಿ, ಅಲ್ಲಿ ನನ್ನ ಹೆಸರಲ್ಲಿ ಹೊಸ ಸಸಿ ನೆಡಿ.

ಆ ದಿನ ಜೆಸಿಬಿ ಬಂದು ನಿಂತಿತು. ಟ್ಯಾಂಕರಣ್ಣನೂ ಹೊಸ ಸಸಿಗೆ ನೀರು ತಂದಿದ್ದ. ಮಟಮಟ ಮಧ್ಯಾಹ್ನ. ಫೋಟೋದವನು ಇನ್ನೂ ಬಂದಿರಲಿಲ್ಲ. ಅಧ್ಯಕ್ಷರು ಬೆವರು ಒರೆಸ್ಕೊಳ್ತಾ ಬಂದು, ಕೀಳಿಸಬೇಕು ಅಂದಿದ್ದ ಮರದ ಕೆಳಗೇ ನಿಂತರು.

ಅವಳು ಮಿಷಿನ್ ಬಿಟ್ಟು ಎದ್ದು, ಸ್ಟೂಲ್ ಹಾಕಿ ಕುಡಿಯೋಕೆ ನೀರು ಕೊಟ್ಟಳು.

"ಅಬ್ಬಾ, ತಂಪಾಗಿದೆಯಮ್ಮಾ!"

"ಸಾರ್, ಒಂದು ಮಾತು. ಮೊಣಕಾಲುದ್ದ ಸಸಿ ಪಕ್ಕ ಫೋಟೋ ತೆಗೆಸ್ಕೊಂಡ್ರೆ ಜನ ಏನಂತಾರೆ? ಈಗ ನೆಟ್ಟಿದಾರೆ, ನೋಡೋಣ ಅಂತಾರೆ. ಇಂಥಾ ಮರದ ಕೆಳಗೆ ನಿಂತ್ರೆ? ನೋಡ್ರೋ, ಬೆಳೆಸಿದಾರೆ ಅಂತಾರೆ."

ಅಧ್ಯಕ್ಷರು ಮೀಸೆ ಸವರಿದರು. ಮೇಲೆ ನೋಡಿದರು. ಆಮೇಲೆ ಜೆಸಿಬಿ ಡ್ರೈವರಿಗೆ ಕೂಗಿದರು, "ಏ, ಗಾಡಿ ಹಿಂದಕ್ಕೆ ತಗೋ! ಫೋಟೋಗೆ ಅಡ್ಡ ಬರುತ್ತೆ!"

ವಾರದೊಳಗೆ ಮರಕ್ಕೆ ಬೋರ್ಡು ಕಟ್ಟಿಸಿದರು: ಬೆಳೆಸಿದವರು ಅಧ್ಯಕ್ಷರು. ಅದನ್ನ ನೋಡಿ ಸೋತ ಕನ್ನಡಕದವರು ಬಿಡ್ತಾರಾ? ಕೆಳಗೇ ಇನ್ನೊಂದು ಕಟ್ಟಿಸಿದರು: ನೆಟ್ಟವರು ಮಾಜಿ ಸದಸ್ಯರು. ನೀರಿಗೆ ಈಗ ಇಬ್ಬರೂ ಫೋನ್ ಮಾಡ್ತಾರೆ.

"ನೀರು ಹಾಕಿದವರು ಅಂತ ನಿಮ್ಮದೂ ಒಂದು ಬೋರ್ಡು ಬೇಡ್ವಾ?" ಹೆಂಡತಿ ಕೇಳಿದಳು.

"ಮರಕ್ಕೆ ಭಾರ ಆಗುತ್ತೆ ಕಣೇ."

ಅವಳು ಕಿಸಕ್ಕನೆ ನಕ್ಕು, ಅಳತೆ ಟೇಪನ್ನ ಅಧ್ಯಕ್ಷರ ಬೋರ್ಡಿನ ಮೂಲೆಗೆ ನೇತು ಹಾಕಿ, ಮಿಷಿನ್ ತುಳಿಯೋಕೆ ಶುರು ಮಾಡಿದಳು.