ಕುಂಕುಮದ ಕೆಳಗಿನ ಬಿರುಕು

ಪೀಣ್ಯದ ರಸ್ತೆಯಲ್ಲಿ ಹಳೆಯ ಮೋಟಾರ್‌ಸೈಕಲ್ಲುಗಳನ್ನು ಮಾರುವ ಅಂಗಡಿಯೊಂದಿದೆ. ಅದರ ಮುಂದೆ ಹಾದುಹೋಗುವಾಗ ಈಗಲೂ ನನ್ನ ಬಾಯಲ್ಲಿರುವ ಸ್ತೋತ್ರ ಅರ್ಧಕ್ಕೆ ನಿಂತುಬಿಡುತ್ತದೆ. ಕೋಪವನ್ನು ಗೆಲ್ಲಬೇಕೆಂದು ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದವನು ನಾನು. ನನ್ನದನ್ನು ಮಾತ್ರ ಗೆಲ್ಲಲಾಗಿಲ್ಲ.

ಜಾಲಹಳ್ಳಿಯ ಕಾರ್ಖಾನೆಯ ಶಾಲೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದಷ್ಟು ಕಾಲ ಕಾರ್ಖಾನೆಯ ಬಸ್ಸೇ ನನ್ನ ವಾಹನವಾಗಿತ್ತು. ನಿವೃತ್ತಿಯಾದ ಮೇಲೆ ಅದೂ ಇಲ್ಲವಾಯಿತು. ನನ್ನ ಪತ್ನಿಗೆ ಮೊಣಕಾಲು ನೋವು. ನಗರದ ಬಸ್ಸಿನ ಮೆಟ್ಟಿಲು ಹತ್ತುವುದೆಂದರೆ ಕಣ್ಣಲ್ಲಿ ನೀರು. ಪೀಣ್ಯದ ಆಚೆ ಹಾಸಿಗೆ ಹಿಡಿದಿದ್ದ ತನ್ನ ಅಕ್ಕನನ್ನು ಪ್ರತಿ ಶುಕ್ರವಾರ ನೋಡಿ ಬರುವುದು ಅವಳಿಗೆ ವ್ರತದಂತೆ. ಆ ವ್ರತ ತಪ್ಪಬಾರದೆಂದು, ಅರವತ್ತೊಂದನೆಯ ವಯಸ್ಸಿನಲ್ಲಿ, ನೆರೆಯವರ ಗಾಡಿಯಲ್ಲಿ ಮೈದಾನದ ಮಣ್ಣು ಮುಕ್ಕಿ ಸವಾರಿ ಕಲಿತೆ.

ಲೈಸೆನ್ಸ್ ಕೈಗೆ ಬಂದ ವಾರವೇ ಆ ಅಂಗಡಿಗೆ ಹೋದೆ. "ಮೆಕ್ಯಾನಿಕ್‌ನ ಕರ್ಕೊಂಡ್ ಹೋಗಿ ಸಾರ್" ಎಂದು ನೆರೆಯವರು ಹೇಳಿದ್ದರು. ಅಗತ್ಯವೆನಿಸಲಿಲ್ಲ. ಸಾಲಿನಲ್ಲಿ ನಿಂತ ಗಾಡಿಗಳಲ್ಲಿ ಒಂದರ ಹ್ಯಾಂಡಲ್ಲಿನ ಕೆಳಗೆ, ಮುಂದಿನ ಚಕ್ರದ ಕವಲು ಬಂದು ಸೇರುವ ಕಬ್ಬಿಣದ ಚೌಕಟ್ಟಿನ ಕತ್ತಿನ ಮೇಲೆ, ಮೂರು ಬೆರಳಿನ ವಿಭೂತಿ, ಅದರ ನಡುವೆ ದಪ್ಪನೆಯ ಕುಂಕುಮ.

"ಪೂಜೆ ಆಗಿರೋ ಗಾಡಿ ಸ್ವಾಮಿ, ಕಣ್ಣಿಗೊತ್ಕೊಂಡು ತಗೊಂಡ್ ಹೋಗಿ" ಎಂದ ಅಂಗಡಿಯವನು. ಹಿಂದೆ ಇದನ್ನು ಇಟ್ಟುಕೊಂಡಿದ್ದವರು ದೈವಭಕ್ತರೆಂದುಕೊಂಡೆ. ಕೈಮುಗಿದು ಕೊಂಡೆ.

ಅನಂತರ ಅದನ್ನು ನೋಡಿಕೊಂಡ ಬಗೆಯನ್ನು ನೆನೆದರೆ ನಾಚಿಕೆಯಾಗುತ್ತದೆ. ಸ್ನಾನ, ಸಂಧ್ಯೆ ಮುಗಿಸಿ ಪ್ರತಿದಿನ ಒರೆಸುತ್ತಿದ್ದೆ. ಚೈನಿಗೆ ಎಣ್ಣೆ ಬಿಡುತ್ತಿದ್ದೆ, ಟೈರಿನ ಗಾಳಿ ಪರೀಕ್ಷಿಸುತ್ತಿದ್ದೆ. ಕುಂಕುಮವಿದ್ದ ಜಾಗಕ್ಕೆ ಮಾತ್ರ ಬಟ್ಟೆ ತಾಗಿಸುತ್ತಿರಲಿಲ್ಲ. ಶುಕ್ರವಾರ ಬಂದರೆ ಅದರ ಮೇಲೆಯೇ ಹೊಸ ಕುಂಕುಮ ಇಡುತ್ತಿದ್ದೆ.

ಮೂರು ಶುಕ್ರವಾರ ಪತ್ನಿ ನನ್ನ ಹಿಂದೆ ಕುಳಿತು ಅಕ್ಕನ ಮನೆಗೆ ಬಂದಳು. ಮೂರನೆಯ ಸಲ ಗುಂಡಿಯೊಂದಕ್ಕೆ ಚಕ್ರ ಇಳಿದಾಗ, "ರೀ, ಮುಂದ್ಗಡೆ ಏನೋ ಕಟಕ್ ಅಂತು" ಎಂದಳು. ಹೊಸಬನ ಕೈ, ಅದರ ದೋಷವೆಂದು ಸುಮ್ಮನಾದೆ. ವಾರವೆಲ್ಲ ಹ್ಯಾಂಡಲ್ ಎಡಕ್ಕೆ ಎಳೆಯಿತು.

ನಾಲ್ಕನೆಯ ಶುಕ್ರವಾರ, ಹೊರಡುವ ಮುನ್ನ ಬೀದಿಯ ತುದಿಯ ಮೆಕ್ಯಾನಿಕ್ಕಿಗೆ ತೋರಿಸಿದೆ. ನನ್ನದೇ ವಯಸ್ಸಿನ ಸಾಬರು. ಎಲ್ಲವನ್ನೂ ಮುಟ್ಟಿ ನೋಡಿದವರು ಕುಂಕುಮದ ಹತ್ತಿರ ಕೈ ಹಿಂದಕ್ಕೆಳೆದುಕೊಂಡರು.

"ಮೇಷ್ಟ್ರೇ, ಇದು ದೇವ್ರದ್ದು, ನಾನ್ ಒರ್ಸಲ್ಲ. ನೀವೇ ಒರ್ಸಿ."

ಒದ್ದೆ ಬಟ್ಟೆಯಿಂದ ಒರೆಸಿದೆ. ನಾನಿಟ್ಟ ಪದರ ಹೋಯಿತು, ಅಂಗಡಿಯವನಿಟ್ಟ ಪದರ ಹೋಯಿತು. ಅದರ ಕೆಳಗೆ ಒರಟಾದ ಬೆಸುಗೆ. ಬೆಸುಗೆಯ ಅಂಚಿನಿಂದ ಕೂದಲೆಳೆಯಂತೆ ಹೊರಟ ಬಿರುಕು.

ಸಾಬರು ಬಗ್ಗಿ ನೋಡಿದರು. "ಇನ್ನೊಂದ್ ಗುಂಡಿ ಸಿಕ್ಕಿದ್ರೆ ಚಕ್ರ ಒಂದ್ಕಡೆ, ನೀವ್ ಒಂದ್ಕಡೆ. ಹಿಂದೆ ಅಮ್ಮನೂ ಕೂತ್ಕೋತಾರಲ್ಲ?"

ಗಾಡಿಯನ್ನು ಪೀಣ್ಯದವರೆಗೆ ತಳ್ಳಿಕೊಂಡೇ ಹೋದೆ.

ಬಿರುಕನ್ನು ತೋರಿಸಿದರೂ ಅಂಗಡಿಯವನು ಕುರ್ಚಿಯಿಂದ ಏಳಲಿಲ್ಲ. "ಬೇರೆಯವ್ರು ಬಗ್ಗಿ ನೋಡಿ ತಗೋತಾರೆ ಸ್ವಾಮಿ. ನೀವು ಕೈಮುಗ್ದು ತಗೊಂಡ್ರಿ. ಅದಕ್ಕೆ ನಾನೇನ್ ಮಾಡ್ಲಿ?"

ಅವನು ಕೊಟ್ಟದ್ದು ಕೆಟ್ಟ ಗಾಡಿಯಷ್ಟೇ ಆಗಿದ್ದರೆ ಬೈದು ಹಿಂತಿರುಗುತ್ತಿದ್ದೆನೇನೋ. ದೇವರ ಗುರುತನ್ನು ತೇಪೆಯಾಗಿ ಬಳಸಿದ್ದ. ಆ ತೇಪೆಯನ್ನು ವಾರವಾರವೂ ಗಟ್ಟಿಮಾಡಿದ್ದು ನನ್ನ ಕೈ. ಹೆಗಲ ಮೇಲಿನ ಅಂಗವಸ್ತ್ರವನ್ನು ಅಲ್ಲಿಯ ನಲ್ಲಿಯಲ್ಲಿ ನೆನೆಸಿಕೊಂಡು, ಸಾಲಿನಲ್ಲಿದ್ದ ಬೇರೆ ಗಾಡಿಗಳಿಗೂ ಹಾಗೆಯೇ ಇಟ್ಟಿದ್ದ ಕುಂಕುಮವನ್ನು ಒಂದೊಂದಾಗಿ ಒರೆಸತೊಡಗಿದೆ.

"ಏಯ್ ಸ್ವಾಮಿ! ಶುಕ್ರವಾರ ಕುಂಕುಮ ಒರಸ್ತೀರಲ್ರೀ, ಪಾಪ ಸುತ್ಕೊಳ್ಳಲ್ವಾ?"

"ಸುತ್ತಿಕೊಳ್ಳಲಿ" ಎಂದೆ.

ಮೊದಲ ಎರಡರಲ್ಲಿ ಏನೂ ಇರಲಿಲ್ಲ. ಮೂರನೆಯದರಲ್ಲಿ ಅದೇ ಬೆಸುಗೆ. ಅದನ್ನೇ ಕೊಳ್ಳಲು ನಿಂತಿದ್ದ ದಂಪತಿಗಳಲ್ಲಿ ಹೆಂಗಸು ಗಂಡನ ತೋಳೆಳೆದು, "ಬನ್ರೀ, ಹೋಗೋಣ" ಎಂದಳು. ಆಗ ಅಂಗಡಿಯವನು ಎದ್ದ. ನಾನು ನಾಲ್ಕನೆಯ ಗಾಡಿಯನ್ನು ಮುಟ್ಟುವ ಮೊದಲೇ ನನ್ನ ಹಣವನ್ನು ತಂದು ಕೈಗಿಟ್ಟು, "ಹೊರಡಿ ಸ್ವಾಮಿ, ಸಾಕು" ಎಂದ.

ಮನೆಗೆ ಬಂದಾಗ ಪತ್ನಿ ಅಕ್ಕನಿಗೆಂದು ಮಾಡಿದ ಗಂಜಿಯ ಡಬ್ಬಿ ಹಿಡಿದು, ಹೆಲ್ಮೆಟ್ಟನ್ನು ಕಂಕುಳಲ್ಲಿರಿಸಿಕೊಂಡು ಗೇಟಿನಲ್ಲಿ ಕಾಯುತ್ತಿದ್ದಳು. ಗಾಡಿಯಿಲ್ಲದೆ ಬಂದ ನನ್ನ ಮುಖ ನೋಡಿ ಹೆಲ್ಮೆಟ್ಟನ್ನು ಒಳಗಿಟ್ಟು ಬಂದಳು. ಬಸ್ಸಿಗೆ ಹೋದೆವು. ಮೆಟ್ಟಿಲು ಹತ್ತುವಾಗ ಅವಳ ಭಾರವೆಲ್ಲ ನನ್ನ ಕೈಯ ಮೇಲೆ ಬಿತ್ತು. ಒಂದೊಂದು ಮೆಟ್ಟಿಲಿಗೂ ಅವಳ ಉಸಿರು ಸಿಕ್ಕಿಕೊಳ್ಳುವುದು ಕೇಳಿಸಿತು. ಕುಳಿತ ಮೇಲೆ ನನ್ನ ಕೆಂಪಾದ ಬೆರಳುಗಳನ್ನು ಕಂಡು, "ಇಷ್ಟು ಹೊತ್ತು ಪೂಜೆ ಮಾಡ್ತಿದ್ರಾ?" ಎಂದಳು.

"ಇಲ್ಲ. ಒರೆಸುತ್ತಿದ್ದೆ" ಎಂದೆ.